ಅರೆಕೆರೆಯಲ್ಲಿ ಮುಗಿಯದ ಹಾಡು

ಕೆಂಪರಾಜುವಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅರೆಕೆರೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರದೆ ಏನು ಮಾಡೀತು? ಗಿಟಾರ್ ಹೆಗಲಿಗೇರಿಸಿಕೊಂಡು ಇಪ್ಪತ್ತು ವರ್ಷ ಶಿಲ್ಲಾಂಗ್, ಪುಣೆ, ಕೊಲಂಬೊ, ಹೆಸರೇ ಬಾಯಿಗೆ ಬಾರದ ಜರ್ಮನಿಯ ಊರುಗಳನ್ನೆಲ್ಲ ಸುತ್ತಿ ಬಂದವನನ್ನು ಹುಟ್ಟಿದ ಬೀದಿ ಇನ್ನೂ 'ಆರ್ಕೆಸ್ಟ್ರಾ ಕೆಂಪ' ಎಂದೇ ಕರೆದರೆ ಯಾರಿಗೆ ತಾನೆ ಉರಿಯುವುದಿಲ್ಲ?

ಅವನದು ಪಂಕ್ ರಾಕ್. ಹಾಡು ಎರಡು ನಿಮಿಷ ದಾಟುವುದಿಲ್ಲ, ಗಿಟಾರಿನ ಮೂರು ಕಾರ್ಡ್, ಅಂದರೆ ಮೂರು ಸ್ವರಗುಚ್ಛ, ಬಂದರೆ ಸಾಕು, ಆದರೆ ಹೊಟ್ಟೆಯಲ್ಲಿ ಬೆಂಕಿ ಇರಬೇಕು. ಬೆಂಕಿಗೆ ಅವನಲ್ಲಿ ಕೊರತೆ ಇರಲಿಲ್ಲ. ಬ್ಯಾಂಡಿನ ಹೆಸರು 'ರಾಜಕಾಲುವೆ'. ಹಾಡುವವಳು ಬನಶಂಕರಿಯ ಹೇಮಶ್ರೀ. ಡ್ರಮ್ಸ್ ಬಾರಿಸುವವನು ಗದಗ ಕಡೆಯ ಸಿದ್ದಾರೂಢ; ಬಿಟಿಎಂನಲ್ಲಿ ಬಾಡಿಗೆಗಿದ್ದು, ಹಗಲೆಲ್ಲ ಆಫೀಸಿನಲ್ಲಿ 'ಯೆಸ್ ಸಾರ್' ಅಂದು ಸಂಜೆ ಆ ಸೇಡನ್ನು ಡ್ರಮ್ಸ್ ಮೇಲೆ ತೀರಿಸಿಕೊಳ್ಳುವ ಪುಣ್ಯಾತ್ಮ.

ಆರ್ಕೆಸ್ಟ್ರಾ ಕೆಂಪ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಗಣೇಶ ಕೂರಿಸಿದ ಕಡೆ, ಬೆಂಗಳೂರಿನ ಊರದೇವತೆ ಅಣ್ಣಮ್ಮನನ್ನು ಕೂರಿಸಿದ ಕಡೆ ಆರ್ಕೆಸ್ಟ್ರಾದವರ ಹಿಂದೆ ನಿಂತು ಗಿಟಾರ್ ಬಾರಿಸಿದವನು. ಸಿಟ್ಟಿನ ಮೊದಲ ಪಾಠವೂ ಅಲ್ಲೇ ಆಯಿತು. ಅಣ್ಣಮ್ಮನ ಮುಂದಿನ ಆರ್ಕೆಸ್ಟ್ರಾಕ್ಕೆ ಒಂದು ನಿಯಮವಿದೆ. ಹಾಡು ಎಷ್ಟೇ ಚೆನ್ನಾಗಿ ಏರಿರಲಿ, ಲೀಡರ್ ಕಾರು ಬೀದಿಗೆ ತಿರುಗಿತೋ, ಹಾಡು ಅಲ್ಲಿಗೇ ನಿಲ್ಲಬೇಕು. ಹಾರ, ಶಾಲು, ಮೈಸೂರು ಪೇಟ, ಭಾಷಣ. ಎಲ್ಲ ಮುಗಿದ ಮೇಲೆ ಹೊಸ ಹಾಡು. ಅರ್ಧಕ್ಕೆ ನಿಂತ ಹಾಡು ಏನಾಯಿತೆಂದು ಯಾರೂ ಕೇಳುವುದಿಲ್ಲ. ಅಂಥ ಅರ್ಧ ಹಾಡುಗಳು ಕೆಂಪರಾಜುವಿನ ಎದೆಯಲ್ಲಿ ರಾಶಿ ಬಿದ್ದಿದ್ದವು.

ಮುಂದೆ ಸ್ವಂತ ಬ್ಯಾಂಡ್ ಕಟ್ಟಿದ. ರಿಸರ್ವೇಶನ್ ಸಿಗದ ರೈಲಿನಲ್ಲಿ ಗಿಟಾರನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಹೋದ. ಯಾರದೋ ಮನೆಯ ನೆಲದ ಮೇಲೆ ಮಲಗಿದ, ತಣ್ಣಗಿನ ಬ್ರೆಡ್ ತಿಂದ. ಅಲ್ಲೆಲ್ಲ ಜನ ಕೇಳಿದರು. ಇಲ್ಲಿ ಜೆಪಿ ನಗರದ ಪಬ್ಬಿನಲ್ಲಿ, "ಬ್ರೋ, ಒಂದು ಹಿಂದಿ ಮೆಲೋಡಿ ಹಾಕಿ" ಎಂದರು. ಜಯನಗರದ ಅಂಕಲ್ ಒಬ್ಬರು, "ಕನ್ನಡದಲ್ಲಿ ಹೀಗೆಲ್ಲ ಅರಚಬಹುದಾ?" ಎಂದು ಕೇಳಿದರು. ಅರಚಬಹುದು ಸ್ವಾಮಿ, ನೀವು ಕೇಳಿಸಿಕೊಳ್ಳುವುದಿಲ್ಲ, ಅಷ್ಟೆ.

ಬ್ಯಾಂಡಿಗೆ ಹೆಸರು ತಂದದ್ದು 'ಮುಚ್ಚಿದ್ದು ಯಾರು' ಎಂಬ ಹಾಡು. ಅದು ಹುಟ್ಟಿದ್ದು ಅವರ ಮನೆಯ ಹಿಂದೆ. ಅಲ್ಲೊಂದು ರಾಜಕಾಲುವೆಯಿತ್ತು. ಮಳೆ ನೀರು ಅದರಲ್ಲೇ ಕೆರೆಗೆ ಹೋಗುತ್ತಿತ್ತು. ಹುಡುಗನಾಗಿದ್ದಾಗ ಕೆಂಪರಾಜು ಅದರಲ್ಲಿ ಏಡಿ ಹಿಡಿದಿದ್ದ. ಐಟಿಐ ಓದುವಾಗ ಗಿಟಾರಿನ ವಿಷಯಕ್ಕೆ ಅವ್ವ ಮುನಿವೆಂಕಟಮ್ಮನ ಜೊತೆ ಜಗಳವಾಡಿ, ಬಾರಿಸೋಕೆ ಜಾಗ ಕೊಡದ ಮನೆಗೆ ಕಾಲಿಡುವುದಿಲ್ಲ ಎಂದು ಸುಬ್ರಹ್ಮಣ್ಯಪುರದ ಮಾವನ ಮನೆ ಸೇರಿದ. ವರ್ಷ ಕಳೆದ ಮೇಲೆ ಅಪ್ಪ ರಾಮಯ್ಯನೇ ಹೋಗಿ ಕರೆತಂದ. ಬಂದು ನೋಡಿದರೆ ಕಾಲುವೆ ಇಲ್ಲ. ಕಾಂಕ್ರೀಟ್ ಹಾಸು, ಅದರ ಮೇಲೊಂದು ರೂಮು.

"ಸರ್ಕಾರದೋರು ಮುಚ್ಚುದ್ರು ಕಣ್ಲಾ," ಎಂದಿದ್ದ ರಾಮಯ್ಯ. "ಜಾಗ ಖಾಲಿ ಬಿದ್ದಿತ್ತು, ಒಂದ್ ರೂಮ್ ಎಬ್ಬಿಸ್ದೆ. ಹೋಗು, ಅದೇನ್ ಬಾರಿಸ್ಕೋತೀಯೋ ಬಾರಿಸ್ಕೋ."

ಮಗ ನಂಬಿದ. ರೂಮು ಬೇಕಾಗಿತ್ತು, ಅದಕ್ಕೇ ನಂಬಿದ. ಅದೇ ರೂಮಿನಲ್ಲಿ ಕೂತು, ಕಾಲುವೆ ಮುಚ್ಚಿದವರ ಮೇಲೆ ಹಲ್ಲು ಕಡಿದು ಹಾಡು ಕಟ್ಟಿದ. ಹೇಮಶ್ರೀ "ಮುಚ್ಚಿದ್ದು ಯಾರು?" ಎಂದು ಕೂಗಿ ಮೈಕನ್ನು ಜನರ ಕಡೆ ಚಾಚಿದರೆ, ಜರ್ಮನಿಯ ಹುಡುಗರು ಕೂಡ ಅರ್ಥ ಗೊತ್ತಿಲ್ಲದೆ "ಯಾರು! ಯಾರು!" ಎಂದು ಕುಣಿಯುತ್ತಿದ್ದರು.

ಈಗ ಆ ರೂಮಿನಲ್ಲಿ ಯಾದಗಿರಿ ಕಡೆಯ ಮರೆಪ್ಪ, ಅವನ ಹೆಂಡತಿ ಶಂಕ್ರವ್ವ ಬಾಡಿಗೆಗಿದ್ದಾರೆ. ಶಂಕ್ರವ್ವನಿಗೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ಪ್ರತಿ ಮಳೆಗೂ ಅವರ ನೆಲದಿಂದ ನೀರು ಉಕ್ಕುತ್ತಿತ್ತು. ಹೋಗಿ ಹೇಳಿದರೆ ರಾಮಯ್ಯ, "ಮಳೆ ಬಂದ್ರೆ ನೀರ್ ಬರ್ದೆ ಬೆಂಕಿ ಬರ್ತದೇನವ್ವಾ?" ಎನ್ನುತ್ತಿದ್ದ. ಮೇಲಿನ ಮಹಡಿಯಲ್ಲಿದ್ದ ಕೆಂಪರಾಜು ಮಾತ್ರ ಕಿವಿಗೊಟ್ಟು ಕೇಳಿದ. ಕೇಳಿ ಸರ್ಕಾರಕ್ಕೆ ಬಾಯ್ತುಂಬ ಬೈದ. ಅವಳ ಒದ್ದೆ ಹಾಸಿಗೆಯ ಮೇಲೆ ಒಂದು ಹೊಸ ಚರಣ ಬರೆದು ಟೂರಿಗೆ ಹೋದ.

ಈ ಸಲ ಬೀದಿಯಲ್ಲಿ ಅಣ್ಣಮ್ಮನನ್ನು ಕೂರಿಸಿದಾಗ, ಗೊತ್ತುಮಾಡಿದ್ದ ಆರ್ಕೆಸ್ಟ್ರಾದವರು ಕೈಕೊಟ್ಟರು. ಕಮಿಟಿಯ ಗುಂಡಣ್ಣ ಕೆಂಪರಾಜುವಿನ ಬಳಿ ಬಂದ.

"ನಿನ್ ಹುಡುಗ್ರನ್ನೇ ಕರ್ಕೊಂಡ್ ಬಾ ಗುರು. ಅಮ್ಮಂಗೆ ಒಂದ್ ಭಕ್ತಿಗೀತೆ ಹಾಡಿ, ಆಮೇಲೆ ಏನಾದ್ರೂ ಬಡ್ಕೊಳ್ಳಿ."

"ಬರ್ತೀನಿ. ಆದ್ರೆ ನನ್ ಹಾಡನ್ನ ಯಾವನಿಗೋಸ್ಕರಾನೂ ಅರ್ಧಕ್ಕೆ ನಿಲ್ಸಲ್ಲ, ಗುಂಡಣ್ಣ. ನಮ್ ಬೀದೀಲಿ ಒಂದೇ ಒಂದ್ ಸಲ ಅದು ಪೂರ್ತಿ ಆಗ್ಬೇಕು."

"ಆಯ್ತು, ಆಯ್ತು," ಎಂದ ಗುಂಡಣ್ಣ. ಅವನು ಎಲ್ಲರಿಗೂ ಹಾಗೇ ಅನ್ನುತ್ತಾನೆ.

ಭಕ್ತಿಗೀತೆಗೆ ಜನ "ಒನ್ಸ್ ಮೋರ್" ಎಂದು ಕೂಗಿದರು. ಆಮೇಲೆ ಸಿದ್ದಾರೂಢ ಕೋಲೆತ್ತಿ ಹೊಡೆದ, 'ಮುಚ್ಚಿದ್ದು ಯಾರು' ಶುರುವಾಯಿತು. ಮುಂದಿನ ಸಾಲಿನ ಹೆಂಗಸರು ಕಿವಿ ಮುಚ್ಚಿಕೊಂಡರು, ಹುಡುಗರು ಕುರ್ಚಿ ಬಿಟ್ಟೆದ್ದರು. ಕೆಂಪರಾಜುವಿನ ಮೈ ಕಾದಿತ್ತು. ಅಷ್ಟರಲ್ಲಿ, ಇನ್ನೇನು, ಲೀಡರ್ ಕಾರು ಬಂತು.

ಗುಂಡಣ್ಣ ಕೈ ಬೀಸಿದ. ಕೆಂಪರಾಜು ನಿಲ್ಲಿಸಲಿಲ್ಲ. "ಲೇ ಕೆಂಪ, ನಿಲ್ಸೋ!" ಎಂದ. ಕೆಂಪರಾಜು ಸೌಂಡ್ ಇನ್ನಷ್ಟು ಏರಿಸಿ, ಅದೇ ಚರಣವನ್ನು ಸುತ್ತಿ ಸುತ್ತಿ ಬಾರಿಸಿದ. ಲೀಡರ್ ಬೆವರೊರೆಸಿಕೊಳ್ಳುತ್ತ ವೇದಿಕೆ ಹತ್ತಿದರು. ಪೆಂಡಾಲಿನ ಖರ್ಚು ಹೊತ್ತಿದ್ದ ರಾಮಯ್ಯನಿಗೆ ಅವತ್ತು ಸನ್ಮಾನವಿತ್ತು. ಅಂಥ ಗಲಾಟೆಯ ನಡುವೆಯೇ ಶಾಲು ಹೊದಿಸಿ ತಲೆಗೆ ಪೇಟ ಇಟ್ಟರು. ಅಪ್ಪ ಮಗನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದ.

"ಮುಚ್ಚಿದ್ದು ಯಾರು?" ಹೇಮಶ್ರೀ ಕೂಗಿ ಮೈಕನ್ನು ಜನರತ್ತ ಚಾಚಿದಳು.

ಎರಡನೆಯ ಸಾಲಿನಲ್ಲಿ ಶಂಕ್ರವ್ವ ಎದ್ದು ನಿಂತಳು.

"ನಿಮ್ಮಪ್ಪಾರ ಮುಚ್ಯಾರ್ರೀ!"

ಮೈಕಿನಲ್ಲಿ ಅದು ಬೀದಿಗೆಲ್ಲ ಕೇಳಿಸಿತು. ಡ್ರಮ್ಸ್ ನಿಂತಿತು. "ನೀರು ಎಲ್ಲಿಂದ ಬರ್ತೈತಿ ಅಂತ ನೆಲಾ ಅಗದು ನೋಡೀವ್ರಿ. ಕೆಳಗ ಕಾಲುವಿ ಐತಿ. ಸ್ಲ್ಯಾಬ್ ಹಾಕಿದ ಮೇಸ್ತ್ರಿನ ಹೇಳ್ಯಾನ. ಊರೂರು ತಿರುಗಿ ಯಾರು ಯಾರು ಅಂತ ಕೇಳ್ತೀರಲ್ಲ, ಅಲ್ಲೇ ನಿಂತಾರ ನೋಡ್ರಿ, ಪೇಟಾ ಸುತ್ಕೊಂಡು!" ಅಷ್ಟು ಸಿಟ್ಟಿನಲ್ಲೂ ಅವಳು ಒಂದು 'ರೀ' ಬಿಡಲಿಲ್ಲ. ಊರ ಹಳಬರು ತಲೆ ತಗ್ಗಿಸಿ ಕೂತರು. ಅವರಿಗೆಲ್ಲ ಗೊತ್ತಿತ್ತು, ಥೂ.

ಕೆಂಪರಾಜು ಅಪ್ಪನ ಹತ್ತಿರ ಹೋದ. "ಹೌದೇನಪ್ಪಾ?"

ರಾಮಯ್ಯ ದನಿ ಏರಿಸಲಿಲ್ಲ. ಮಗನಿಗೆ ಮಾತ್ರ ಕೇಳುವಂತೆ ಹೇಳಿದ. "ಬಾರಿಸೋಕೆ ಜಾಗ ಇಲ್ದಿದ್ರೆ ಮನೇಗೇ ಬರಲ್ಲ ಅಂತ ಕೂತಿದ್ಯಲ್ಲೋ. ಇದ್ದ ಜಮೀನೆಲ್ಲಾ ಲೇಔಟಿಗೆ ಹೋಗಿತ್ತು. ಇನ್ನೆಲ್ಲಿ ಹಾಕಿಸ್ಲಿ ನಿಂಗೆ ರೂಮು?"

ಇಪ್ಪತ್ತು ವರ್ಷ ಲೋಕದ ಮೇಲೆ ಉಗುಳಿದ ಸಿಟ್ಟೆಲ್ಲ ಒಂದೇ ಸಲ ವಾಪಸು ಬಂದು ಮುಖಕ್ಕೆ ಬಡಿಯಿತು. ಅಪ್ಪನ ಮೇಲೆ ಸಿಟ್ಟು ಬಂತು, ಬಾಯಿ ಮುಚ್ಚಿಕೊಂಡಿದ್ದ ಬೀದಿಯ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಆ ರೂಮಿನಲ್ಲಿ ಹಾಯಾಗಿ ಕೂತು ಕಾಲುವೆಗಾಗಿ ಅತ್ತಿದ್ದ ತನ್ನ ಮೇಲೇ ಬಂತು. ಗುಂಡಣ್ಣ "ಕರೆಂಟ್ ತೆಗೀರೋ" ಎಂದು ಕೂಗುತ್ತಿದ್ದ, ಸ್ವಿಚ್ಚಿನ ಕಡೆ ಯಾರೂ ಕದಲಲಿಲ್ಲ. ಶಂಕ್ರವ್ವ ಇನ್ನೂ ನಿಂತೇ ಇದ್ದಳು.

ಕೆಂಪರಾಜು ಸಿದ್ದಾರೂಢನ ಕಡೆ ತಿರುಗಿದ. "ಮೊದ್ಲಿಂದ ಹೊಡಿ ಮಗಾ."

ಹೊಡೆದರು. ಚರಣಗಳೆಲ್ಲ ಬಂದವು, ಶಂಕ್ರವ್ವನ ಒದ್ದೆ ಹಾಸಿಗೆಯದೂ ಬಂತು. ಹೇಮಶ್ರೀ "ಮುಚ್ಚಿದ್ದು ಯಾರು?" ಎಂದು ಕೂಗಿ ಮೈಕನ್ನು ಚಾಚಿದಳು. ಎಂದೂ ಬಾಯಿಬಿಟ್ಟು ಹಾಡದ ಕೆಂಪರಾಜು ಮುಂದೆ ಬಂದು ಆ ಮೈಕಿಗೆ ಬಾಯಿ ಕೊಟ್ಟ.

"ನಾನು!"

ಮತ್ತೆ ಕೇಳಿದಳು. ಮತ್ತೆ ಕೂಗಿದ. ಗಂಟಲು ಹರಿಯುವವರೆಗೂ ಕೂಗಿದ. ರಾಮಯ್ಯ ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದ. ಹಾಡು ಮೊದಲ ಬಾರಿಗೆ ಅರೆಕೆರೆಯಲ್ಲಿ ಪೂರ್ತಿ ಮುಗಿಯಿತು.

ಯಾರೂ ಒನ್ಸ್ ಮೋರ್ ಅನ್ನಲಿಲ್ಲ.