ಹುಳುಮನೆಗೆ ಗಾಳಿ, ಮಗುವಿಗೆ ಕಂಬಳಿ

ಊರಿನವರು ನನ್ನನ್ನು ಗಯ್ಯಾಳಿ ಅನ್ನಲು ಶುರು ಮಾಡಿದ್ದು ಮಗಳಿಗೆ ಜ್ವರ ಬಂದ ದಿನದಿಂದ. ಅಂದುಕೊಳ್ಳಲಿ. ಎರಡು ವರ್ಷದ ಮಗು ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಾ ನೀರು ಕೇಳುತ್ತಿರುವಾಗ ಒಳ್ಳೆಯ ಸೊಸೆ ಅನ್ನಿಸಿಕೊಂಡು ಕೂರುವ ತಾಳ್ಮೆ ನನಗಿಲ್ಲ.

ನಾನು ಮಾಲೂರಿನವಳು. ಮದುವೆಯಾಗಿ ಬಂದಿದ್ದು ಆಂಧ್ರ ಗಡಿಯ ಗೌನಿಪಲ್ಲಿ ಕಡೆಗೆ, ರೇಷ್ಮೆ ಬೆಳೆಯುವ ಮನೆಗೆ. ಈ ಮನೆಯಲ್ಲಿ ಜ್ವರಕ್ಕೆ ಅಂತಲೇ ಕಾನೂನುಗಳಿದ್ದವು. ಕಿಟಕಿ ಮುಚ್ಚಬೇಕು, ಕಂಬಳಿ ಹೊದಿಸಬೇಕು, ಬೆವರು ಬಿಡುವ ತನಕ ನೀರು ಕೊಡಬಾರದು. ಕೊಟ್ಟರೆ ಜ್ವರ ತಲೆಗೇರುತ್ತದಂತೆ. ಯಾರು ಹೇಳಿದ್ದು ಅಂತ ಕೇಳಿದರೆ, ಹಿಂದಿನಿಂದ ಹಾಗೇ ನಡೆದು ಬಂದಿದೆ, ಅಷ್ಟೇ.

ಆವತ್ತು ಬೆಳಿಗ್ಗೆ ನಾನು ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವಷ್ಟರಲ್ಲಿ ಅತ್ತೆ ಎಲ್ಲವನ್ನೂ ಜಾರಿ ಮಾಡಿಬಿಟ್ಟಿದ್ದರು. ಮೈ ಸುಡುವ ಬೇಸಿಗೆ. ಕತ್ತಲೆ ಕೋಣೆಯಲ್ಲಿ, ಕರಿ ಕಂಬಳಿಯೊಳಗಿಂದ ಮಗಳ ಮುಖವಷ್ಟೇ ಕಾಣುತ್ತಿತ್ತು, ಕೆಂಪಗೆ. ಕಂಬಳಿ ಎಳೆದು ಬಿಸಾಕಿದೆ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ನೂರಾಮೂರು. ಹೆದರಿದೆ, ನಿಜ ಹೇಳುತ್ತೇನೆ. ಆದರೆ ಕೋಪ ಹೆದರಿಕೆಗಿಂತ ಮುಂದಿತ್ತು.

ನಾನು ಕಿಟಕಿ ತೆಗೆದೆ. ಗಾಳಿ ಸೋಕುತ್ತೆ ಅಂತ ಅತ್ತೆ ಮುಚ್ಚಿದರು. ಮತ್ತೆ ತೆಗೆದೆ, ಮತ್ತೆ ಮುಚ್ಚಿದರು. ಮಗುವನ್ನು ಸೊಂಟಕ್ಕೇರಿಸಿಕೊಂಡು, ಅವರ ಕೈ ಹಿಡಿದು ಹಿತ್ತಲಿನಲ್ಲಿ ರೇಷ್ಮೆ ಹುಳ ಸಾಕುವ ಹುಳುಮನೆ ಬಾಗಿಲಿಗೆ ಕರೆದುಕೊಂಡು ಹೋದೆ. ಅಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು. ಅವುಗಳಿಗೆ ಒದ್ದೆ ಗೋಣಿತಾಟು, ಗೋಡೆಗೆ ಶಾಖ ನೋಡುವ ಮೀಟರು. ಸೆಕೆಗೆ ಹುಳ ಕೆಡುತ್ತೆ ಅಂತ ಗಂಟೆಗೊಂದು ಸಲ ಆ ಗೋಣಿಗೆ ನೀರು ಚಿಮುಕಿಸುವವರು ಇದೇ ನಮ್ಮತ್ತೆ.

"ಹುಳಕ್ಕೆ ಸೆಕೆ ಆಗುತ್ತೆ, ನಿಮ್ಮ ಮೊಮ್ಮಗಳಿಗೆ ಆಗಲ್ವಾ ಅತ್ತೆ?"

"ಹುಳ ಬೇರೆ, ಕೂಸು ಬೇರೆ ಕಣಮ್ಮ."

"ಬೇರೇನೇ. ಹುಳ ಹೋದ್ರೆ ಇನ್ನೊಂದು ಬೆಳೆ ಇಡಬಹುದು."

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಮುಖ ಬಿಳಿಚಿಕೊಂಡಿತ್ತು. ಒಳಗೆ ಹೋದರು. ಕಿಟಕಿ ಮಾತ್ರ ಮತ್ತೆ ಮುಚ್ಚಲಿಲ್ಲ.

ಲಸಿಕೆ ಹಾಕಲು ಬರುವ ನರ್ಸಕ್ಕನಿಗೆ ಫೋನ್ ಮಾಡಿದೆ. ಉಸಿರು ಸರಿಯಾಗಿದೆಯಾ, ಮೈಮೇಲೆ ಗುಳ್ಳೆ ಎದ್ದಿದೆಯಾ, ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು ಅಂತೆಲ್ಲ ಕೇಳಿದರು. ಮನೆಯಲ್ಲಿದ್ದ ಜ್ವರದ ಸಿರಪ್ಪಿನ ಬಾಟಲಿ ಮೇಲೆ ಬರೆದಿದ್ದನ್ನು ಎರಡೆರಡು ಸಲ ಓದಿಸಿದರು. ಅದೇ ಹೆಸರಿನ ಹನಿ ಔಷಧಿ ಇನ್ನೂ ಗಟ್ಟಿ ಇರುತ್ತದೆ, ಅದಕ್ಕೂ ಇದಕ್ಕೂ ಅದಲುಬದಲಾದರೆ ಕಷ್ಟ ಅಂದರು. ಆಮೇಲೆ ತೂಕ ಕೇಳಿದರು. ವಯಸ್ಸು ನೋಡಿ ಅಂದಾಜಿಗೆ ಔಷಧಿ ಅಳತೆ ಹೇಳಲ್ಲ, ತೂಗಿ ಹೇಳು ಅಂದರು.

ನಮ್ಮ ಮನೆಯಲ್ಲಿದ್ದದ್ದು ರೇಷ್ಮೆ ಗೂಡು ತೂಗುವ ತಕ್ಕಡಿ ಒಂದೇ. ಕೂಸನ್ನ ತೂಗಬಾರದು, ಏಳಿಗೆಯಾಗಲ್ಲ ಅಂತ ಅತ್ತೆ ಒಳಗಿಂದಲೇ ಅಂದರು. ನನ್ನ ಗಂಡ ಅಷ್ಟು ಹೊತ್ತಿಗೆ ಗಾಡಿ ಕೀ ಹಿಡಿದು ನಿಂತಿದ್ದರು, ಸೂಜಿ ಹಾಕುವ ಡಾಕ್ಟರ ಹತ್ತಿರ ಹೋದರೆ ಒಂದೇ ಏಟಿಗೆ ಜ್ವರ ಇಳಿಯುತ್ತೆ ಅಂತ. ಕೀ ಜೇಬಿಗಿಟ್ಟು ತಕ್ಕಡಿ ತನ್ನಿ ಅಂದೆ. ತಂದರು. ಹತ್ತು ಕೆಜಿ ಚಿಲ್ಲರೆ ಬಂತು. ಅದಕ್ಕೆ ಎಷ್ಟು ಅಳತೆ, ಎಷ್ಟು ಗಂಟೆ ಬಿಟ್ಟು ಮತ್ತೆ ಕೊಡಬೇಕು ಅಂತ ನರ್ಸಕ್ಕ ಹೇಳಿದಷ್ಟೇ ಕೊಟ್ಟೆ.

ಅವರು ಹೇಳಿದ್ದರಲ್ಲಿ ಒಂದು ಮಾತು ಈಗಲೂ ಕಿವಿಯಲ್ಲಿದೆ. ಮೀಟರು ನೋಡಿ ಹೆದರಬೇಡ, ಮಗುವನ್ನು ನೋಡು. ನೀರು ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಮೇಲುಸಿರು ಬಿಟ್ಟರೆ, ಫಿಟ್ಸ್ ಬಂದರೆ ನನಗೂ ಕಾಯದೆ ಆಸ್ಪತ್ರೆಗೆ ಹೊರಡು. ಇದ್ಯಾವುದೂ ಇಲ್ಲದಿದ್ದರೂ ನಾಳೆ ಕರೆದುಕೊಂಡು ಬಾ.

ಅಂದರೆ ಈಗ ಎಲ್ಲ ನಿಂತಿದ್ದು ನೀರಿನ ಮೇಲೆ. ಮೊದಲನೇ ಚಮಚ ಹಾಕಿದ್ದೇ ತಡ, ಮಗಳು ಕಕ್ಕಿದಳು. ಬಾಗಿಲ ಹತ್ತಿರ ಅತ್ತೆ ಸೆರಗು ಬಾಯಿಗೊತ್ತಿಕೊಂಡರು. ಹತ್ತು ನಿಮಿಷ ಬಿಟ್ಟು ಇನ್ನೊಂದು ಚಮಚ ಹಾಕಿದೆ. ನಿಂತಿತು. ಇನ್ನೊಂದು. ಹಾಗೇ ಮಧ್ಯಾಹ್ನದ ತನಕ ಒಂದೊಂದೇ ಚಮಚ. ಮಗಳು ನನ್ನ ತೊಡೆ ಮೇಲೆ ಉಚ್ಚೆ ಹೊಯ್ದಾಗ, ನೀರು ಮೈಗೆ ಹತ್ತಿತು ಅಂತ, ದೇವರಾಣೆ, ಜೋರಾಗಿ ನಕ್ಕುಬಿಟ್ಟೆ. ಗಂಡನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು.

ಆಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಸಂಕಟವಾದಾಗ ಅವರ ಬಾಯಿಗೆ ತೆಲುಗೇ ಬರುವುದು.

"ನಾ ಪೆದ್ದ ಕೊಡುಕು ನೀಳ್ಳು ಅಡಿಗಿನಾಡಮ್ಮಾ. ನೇನು ಇಯ್ಯಲೇದು."

ನನ್ನ ದೊಡ್ಡ ಮಗ ನೀರು ಕೇಳಿದ್ದ, ನಾನು ಕೊಡಲಿಲ್ಲ ಅಂತ. ನನ್ನ ಗಂಡನಿಗಿಂತ ಮುಂಚೆ ಈ ಮನೆಯಲ್ಲಿ ಒಂದು ಮಗು ಇತ್ತು ಅಂತ ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಆಗ ಅತ್ತೆಗೆ ಹದಿನೆಂಟು. ಕೊಡಬೇಡ ಅನ್ನುವವರು ಮನೆ ತುಂಬ ಇದ್ದರಂತೆ. ಎರಡು ದಿನ ಕೇಳಿ ಕೇಳಿ ಆಮೇಲೆ ಮಗು ಕೇಳುವುದನ್ನೇ ಬಿಟ್ಟಿತಂತೆ.

ಹೋಗಲಿ ಬಿಡಿ ಅತ್ತೆ ಅನ್ನಬಹುದಿತ್ತು. ಹೋಗಲಿ ಬಿಡುವಂಥದ್ದಲ್ಲ ಅದು. ಚಮಚವನ್ನು ಅವರ ಕೈಗೆ ಕೊಟ್ಟೆ. ಅರ್ಧ ನೀರು ಮಗಳ ಎದೆ ಮೇಲೆ ಚೆಲ್ಲಿತು, ಇನ್ನರ್ಧವನ್ನು ಅವಳು ಚಪ್ಪರಿಸಿದಳು.

"ಇನ್ನೂ ಹಾಕಿ" ಅಂದೆ.