ರಸ್ತೆಯಲ್ಲಿ ಹೋದ ಬಲೂನು

ಮೂವರು ಓದಿದ ಜನ, ಒಂದು ಪ್ರೊಜೆಕ್ಟರು, ಗೋಡೆಯ ಮೇಲೆ ನಿಧಾನಕ್ಕೆ ತಿರುಗುವ ಭೂಗೋಳ. ಅದನ್ನು ಕಾಲು ಗಂಟೆ ನೋಡಿ ಅವರು ತೀರ್ಮಾನಕ್ಕೆ ಬಂದರು: ನಮ್ಮ ಬಲೂನಿನ ಡಬ್ಬಿ ಆಕಾಶಕ್ಕೆ ಹೋಗಲೇ ಇಲ್ಲ, ಸೊಲ್ಲಾಪುರದ ಹೆದ್ದಾರಿ ಹಿಡಿದು ಜೀಪಿನಲ್ಲಿ ಹೋಗಿದೆ. ಇದನ್ನು ಬರೆಯುವಾಗ ಇಂದಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ನಾನು ಪುಣೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಆ ಚಳಿಗಾಲ ಬೇಕಾದ ಅನುಮತಿಗಳನ್ನೆಲ್ಲ ಪಡೆದು, ನಗರದಿಂದ ಪೂರ್ವಕ್ಕೆ, ಯವತ್ ಹತ್ತಿರದ ಬಯಲಿನಲ್ಲಿ ವಿದ್ಯಾರ್ಥಿಗಳ ಜೊತೆ ಒಂದು ಹೀಲಿಯಂ ಬಲೂನು ಬಿಟ್ಟೆವು. ಬಲೂನಿನ ಕೆಳಗೆ ಪ್ಯಾರಾಚೂಟು, ಅದರ ಕೆಳಗೆ ಥರ್ಮೋಕೋಲ್ ಡಬ್ಬಿ. ಡಬ್ಬಿಯೊಳಗೆ ಒಂದು ಕ್ಯಾಮೆರಾ ಮತ್ತು ತಾನಿರುವ ಜಾಗ, ಎತ್ತರ, ವೇಳೆಯನ್ನು ಕೆಲವು ಸೆಕೆಂಡಿಗೊಮ್ಮೆ ದಾಖಲಿಸುವ ಪುಟ್ಟ ಯಂತ್ರ. ಮೇಲೆ ಹೋದಂತೆ ಬಲೂನು ಉಬ್ಬಿ ಒಡೆಯುತ್ತದೆ, ಡಬ್ಬಿ ಪ್ಯಾರಾಚೂಟಿನಲ್ಲಿ ತೇಲಿ ಎಲ್ಲೋ ಇಳಿಯುತ್ತದೆ. ಡಬ್ಬಿಯನ್ನು ಕಟ್ಟುವುದು, ಆಮೇಲೆ ಜೀಪಿನಲ್ಲಿ ಬೆನ್ನಟ್ಟಿ ಹೋಗಿ ಅದನ್ನು ತರುವುದು ನಮ್ಮ ಲ್ಯಾಬ್ ಸಹಾಯಕರ ಕೆಲಸ. ಬೆಳಗಾವಿ ಕಡೆಯವರು. ನಾನು ಧಾರವಾಡದವಳು ಎಂದು ಗೊತ್ತಾದ ದಿನದಿಂದ ನನ್ನನ್ನು ‘ಬಾಯಾರ’ ಎಂದು ಕರೆಯುತ್ತಾರೆ, ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಕರೆಯುವ ಹಾಗೆ.

ಗಂಟು ಹಾಕುವುದಕ್ಕೆ ಅವರದೇ ಒಂದು ಪದ್ಧತಿಯಿದೆ. ಮೊದಲ ಗಂಟು ಬಿಗಿದು, ಪಕ್ಕದಲ್ಲಿದ್ದವರಿಗೆ “ಬೆರಳ ಇಡ್ರಿ” ಎನ್ನುತ್ತಾರೆ. ಆ ಬೆರಳಿನ ಮೇಲೆಯೇ ಎರಡನೆಯ ಗಂಟು ಎಳೆಯುತ್ತಾರೆ. ಇಟ್ಟವರು ನೋವಿಗೆ ‘ಹಾ’ ಎನ್ನಬೇಕು, ಆಗಲೇ ಬೆರಳು ಬಿಡಿಸಿಕೊಳ್ಳಲು ಅನುಮತಿ. “ಬೆರಳ ನೊಂದ್ರನ ಗಂಟ್ರಿ, ಇಲ್ಲಾಂದ್ರ ಬರೇ ದಾರ” ಎನ್ನುತ್ತಿದ್ದರು.

ಅಂದು ಬೆಳಿಗ್ಗೆ ಮಂಜಿತ್ತು. ಬಲೂನು ಒಂದೇ ನಿಮಿಷದಲ್ಲಿ ಕಣ್ಮರೆಯಾಯಿತು. ಸಂಜೆ ಅವರು ಉಜನಿ ಜಲಾಶಯದ ಆಚೆಯ ಕಬ್ಬಿನ ಹೊಲದಿಂದ ಡಬ್ಬಿ ತಂದರು. ಡಬ್ಬಿಯ ಮೈಗೆಲ್ಲ ರವದಿ, ಕಬ್ಬಿನ ಒಣಗರಿ, ಅಂಟಿತ್ತು. ದುರದೃಷ್ಟಕ್ಕೆ ಕ್ಯಾಮೆರಾದ ಕಾರ್ಡು ಕೆಟ್ಟಿತ್ತು, ಒಂದು ಚಿತ್ರವೂ ಬಂದಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಅಷ್ಟರಲ್ಲಾಗಲೇ ಭೂಮಿಯ ಬಾಗಿದ ಅಂಚಿನ ಚಿತ್ರವನ್ನು ವಾರ್ಷಿಕೋತ್ಸವದ ಬ್ಯಾನರಿಗೆ ಕೊಡುವುದಾಗಿ ಮೇಲಿನವರಿಗೆ ಮಾತು ಕೊಟ್ಟಿದ್ದರು. ಚಿತ್ರ ಇಲ್ಲವೆಂದ ಮೇಲೆ ಒಬ್ಬ ತಪ್ಪಿತಸ್ಥನಾದರೂ ಬೇಕಾಯಿತು.

ಹಾರಾಟದ ದಾರಿಯ ಫೈಲು ಕಳಿಸಿ ಎಂದು ಅವರು ನನ್ನನ್ನು ಕೇಳಿದರು. ಕಳಿಸಿದೆ. ಮರುದಿನ ಲ್ಯಾಬ್ ಸಹಾಯಕರ ಕೈಗೆ ಒಂದು ಮೆಮೊ ಬಂತು. ಗಂಟು ಸಡಿಲಾಗಿ ಡಬ್ಬಿ ಹತ್ತಿರದಲ್ಲೇ ಬಿದ್ದಿದೆ, ನೀವು ಅದನ್ನು ಎತ್ತಿಕೊಂಡು, ಯಂತ್ರ ನಡೆಯುತ್ತಿರುವಂತೆಯೇ ಜೀಪಿನಲ್ಲಿ ತಿರುಗಾಡಿಸಿ, ಹಾರಿತೆಂದು ತೋರಿಸಿದ್ದೀರಿ. ತಪ್ಪೊಪ್ಪಿ ಸಹಿ ಮಾಡಿ, ಇಲ್ಲವೇ ವಿಚಾರಣೆಗೆ ಬನ್ನಿ. ಒಪ್ಪಿದರೆ ಆ ಕಾಗದ ಅವರ ಸೇವಾ ಪುಸ್ತಕಕ್ಕೆ ಸೇರುತ್ತದೆ, ಅವರು ಲ್ಯಾಬಿನಿಂದ ಸ್ಟೋರ್ ರೂಮಿಗೆ ಹೋಗುತ್ತಾರೆ. ಇಪ್ಪತ್ತು ವರ್ಷ ಆ ಲ್ಯಾಬನ್ನು ಮನೆಯ ಹಾಗೆ ನೋಡಿಕೊಂಡ ಮನುಷ್ಯ ಮೆಮೊವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು ಹೇಳಿದ್ದು ಇಷ್ಟೇ: “ಸ್ಟೋರ್‌ಗೆ ಹಾಕಲಿ ಬಾಯಾರ, ಹೋಗ್ತೀನಿ. ಆದ್ರ ಗಂಟು ಬಿಚ್ಚಿತ್ತು ಅಂತ ನಾ ಸಹಿ ಮಾಡಾಂವಲ್ಲ.”

ಮುಖ್ಯಸ್ಥರು ಮತ್ತು ಇನ್ನಿಬ್ಬರು ಸೇರಿ ಮೂವರ ಸಮಿತಿ. ವಿಚಾರಣೆಗೆ ಸಾಕ್ಷಿಯಾಗಿ ನನ್ನನ್ನೂ ಕರೆದರು. ಮುಖ್ಯಸ್ಥರು ಪರದೆಯ ಭೂಗೋಳವನ್ನು ಪುಣೆಗೆ ತಂದು, ವಾಲಿಸಿ, ಹತ್ತಿರ ಮಾಡಿದರು. “ಬಘಾ, ಮ್ಯಾಡಮ್” ಎಂದು ಮರಾಠಿಯಲ್ಲಿ ಶುರುಮಾಡಿದರು, “ಈ ಕೆಂಪು ಗೆರೆ ಹೇಗಿದೆ ನೋಡಿ. ಗುಡ್ಡ ಬಂದಲ್ಲಿ ಗುಡ್ಡ ಹತ್ತುತ್ತದೆ, ತಗ್ಗು ಬಂದಲ್ಲಿ ಇಳಿಯುತ್ತದೆ. ಹೆದ್ದಾರಿಯ ಮಗ್ಗುಲಲ್ಲೇ ಇದೆ. ಬಲೂನು ಹೀಗೆ ಹೋಗುತ್ತದೆಯೇ?”

“ಗೆರೆ ರಸ್ತೆಯ ಮೇಲೆ ಇಲ್ಲವಲ್ಲ” ಎಂದೆ.

“ಅಷ್ಟಿಷ್ಟು ಆಚೀಚೆ ಆಗಿರುತ್ತದೆ. ಅಗ್ಗದ ಯಂತ್ರ.”

ನನಗೆ ಸಿಟ್ಟು ನೆತ್ತಿಗೇರಿತು. ಗೆರೆ ಬಿಟ್ಟು ಮನುಷ್ಯನ ಪರವಾಗಿ ಮಾತಾಡಿದೆ. ಲ್ಯಾಬ್ ಸಹಾಯಕರು ಗಂಟು ಕಟ್ಟುವಾಗ ನಾನು ಪಕ್ಕದಲ್ಲೇ ಇದ್ದೆ, ಗಂಟಿನ ಮೇಲೆ ನನ್ನದೇ ಬೆರಳಿತ್ತು, ನೋವಾಗಿ ‘ಹಾ’ ಎಂದಿದ್ದೆ ಎಂದೆ. ಅವರು ತಲೆ ತಗ್ಗಿಸಿ ಕೂತಿದ್ದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸಮಿತಿಯವರು ಎರಡು ದಿನ ಬಿಟ್ಟು ಮತ್ತೆ ಸೇರುವುದಾಗಿ ಎದ್ದರು.

ಬಿಬವೇವಾಡಿಯ ಮನೆಗೆ ಬಂದವಳು ಮೊದಲು ಡೈರಿ ತೆಗೆದೆ. ಹೇಳಿಕೆ ಬರೆದುಕೊಡಬೇಕಿತ್ತು. ನನ್ನ ನೆನಪನ್ನು ನಾನು ಬಹಳ ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತೇನೆ. ಬಲೂನು ಬಿಟ್ಟ ದಿನದ ಪುಟದಲ್ಲಿ ನನ್ನದೇ ಅಕ್ಷರ: ‘ಡಬ್ಬಿ ಕಟ್ಟುವ ಹೊತ್ತಿಗೆ ಜೀಪಿನಲ್ಲಿ ಕೂತು ಲ್ಯಾಪ್‌ಟಾಪ್ ಒರೆಸುತ್ತಿದ್ದೆ, ಚಹಾ ಚೆಲ್ಲಿತು.’ ಅಂದರೆ ನಾನು ಅಲ್ಲಿ ಇರಲೇ ಇಲ್ಲ. ಹಾಗಾದರೆ ಆ ನೋವು ಯಾವ ದಿನದ್ದು? ಬಹುಶಃ ಲ್ಯಾಬಿನಲ್ಲಿ ತಾಲೀಮು ಮಾಡಿದ ದಿನದ್ದು. ಅವರ ಪರವಾಗಿ ನಿಲ್ಲಬೇಕೆಂಬ ಆಸೆಯೇ ಒಂದು ದಿನದ ಬೆರಳನ್ನು ಇನ್ನೊಂದು ದಿನದ ಗಂಟಿಗೆ ತಂದು ಇಟ್ಟಿತ್ತು. ಮೂವರೆದುರು ಎದೆ ತಟ್ಟಿ ಸುಳ್ಳು ಸಾಕ್ಷಿ ಹೇಳಿ ಬಂದಿದ್ದೆ.

ಇನ್ನು ಉಳಿದದ್ದು ಆ ಗೆರೆ ಮಾತ್ರ. ಫೈಲು ತೆರೆದೆ. ಈ ಸಲ ಸಿಟ್ಟನ್ನು ಬದಿಗಿಟ್ಟು, ಯವತ್‌ನಿಂದ ಗೆರೆಯ ಜೊತೆ ಇಂಚಿಂಚೇ ಪೂರ್ವಕ್ಕೆ ಹೋದೆ. ಪಾಟಸ್ ದಾಟಿತು, ಭಿಗವಣ ದಾಟಿತು, ಆಮೇಲೆ ಹೆದ್ದಾರಿ ಬಿಟ್ಟು ನೆಟ್ಟಗೆ ಉಜನಿಯ ಹಿನ್ನೀರಿಗೆ ಇಳಿಯಿತು. ನೀಲಿ ನೀರಿನ ಮೇಲೆ ಕೆಂಪು ಗೆರೆ, ಈ ದಡದಿಂದ ಆ ದಡಕ್ಕೆ. ಅಲ್ಲಿ ಸೇತುವೆಯಿಲ್ಲ. ನನಗೆ ನಗು ಬಂತು. ಗೆರೆಯ ಮೇಲೆ ಒತ್ತಿ ಅದರ ಗುಣಗಳ ಪಟ್ಟಿ ತೆರೆದೆ. ಎತ್ತರ ಎಂಬಲ್ಲಿ ‘ನೆಲಕ್ಕೆ ಅಂಟಿಸಿ’ ಎಂದಿತ್ತು. ಬೇರೆ ಹೇಳದಿದ್ದರೆ ಈ ಸಾಫ್ಟ್‌ವೇರು ಎಲ್ಲ ಗೆರೆಗಳನ್ನೂ ನೆಲಕ್ಕೆ ಒತ್ತಿ ಕೂಡಿಸುತ್ತದೆ, ವಿಮಾನವಾಗಲಿ ಎತ್ತಿನಗಾಡಿಯಾಗಲಿ. ಅದನ್ನು ಬದಲಿಸಿ ‘ಸಮುದ್ರ ಮಟ್ಟದಿಂದ’ ಎಂದು ಮಾಡಿದೆ. ಗೆರೆ ನೆಲ ಬಿಟ್ಟು ಎದ್ದಿತು. ಯವತ್‌ನಿಂದ ಓರೆಯಾಗಿ ಏರಿ, ಇಪ್ಪತ್ತೆಂಟು ಕಿಲೋಮೀಟರ್ ಮೇಲೆ ಚೂಪಾಗಿ ಮುರಿದು, ಹಿನ್ನೀರಿನಾಚೆಯ ಕಬ್ಬಿಗೆ ಬಂದು ಇಳಿದಿತ್ತು.

ಎತ್ತರದ ಅಂಕಿಗಳು ಮೊದಲಿನಿಂದಲೂ ಫೈಲಿನಲ್ಲಿದ್ದವು. ತೆರೆದು ನೋಡುವ ಗೋಜಿಗೆ ಸಮಿತಿ ಹೋಗಲಿಲ್ಲ. ಆದರೆ ಆ ಫೈಲನ್ನು ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಎರಡು ನಿಮಿಷದಲ್ಲಿ ಮಾಡಿ ಕಳಿಸಿದವಳು ನಾನು. ಮೊದಲ ತರಗತಿಯಲ್ಲೇ ವಿದ್ಯಾರ್ಥಿಗಳಿಗೆ ಹೇಳುವ ಮಾತು, ಎತ್ತರ ಬದಲಿಸದೆ ದಾರಿ ತೋರಿಸಬೇಡಿ ಎಂದು. ಮೆಮೊ ಬರೆದವರು ಮುಖ್ಯಸ್ಥರು, ಅದಕ್ಕೆ ಕಾಗದ ಒದಗಿಸಿದವಳು ನಾನು.

ಬೆಳಿಗ್ಗೆ ಲ್ಯಾಬಿಗೆ ಹೋಗಿ ಲ್ಯಾಬ್ ಸಹಾಯಕರಿಗೆ ಡೈರಿಯ ಪುಟ ತೋರಿಸಿ ಎರಡೂ ಹೇಳಿದೆ, ಫೈಲಿನದು, ಬೆರಳಿನದು.

“ಅವತ್ತ ನೀವ ಇರಲಿಲ್ಲ ಅನ್ನೂದು ನನಗ ಗೊತ್ತಿತ್ರಿ” ಎಂದರು. “ಬೆರಳ ನಂದ ಇತ್ತು, ಎಡಗೈ ಹೆಬ್ಬೆರಳ. ನೀವ ಅಷ್ಟ ಜೋರಿನಿಂದ ಹೇಳಾಕತ್ತಿದ್ರಿ, ನಡುವ ಹೆಂಗ ಅನ್ನೂದು ಅಂತ ಸುಮ್ನಾದೆ.” ಪರದೆಯ ಮೇಲೆ ನೀರು ದಾಟುವ ಗೆರೆಯನ್ನು ನೋಡಿದರು. “ಜೀಪ್ ಈಜಸ್ಕೋತ ಹೋಗೀನಿ ಅಂದಂಗಾತಲ್ರಿ. ಹಂಗಾದ್ರ ಮೆಮೊ ಅಲ್ಲ, ಮೆಡಲ್ ಕೊಡಬೇಕ್ರಿ ನನಗ.”

ಎರಡನೆಯ ಸಭೆಯಲ್ಲಿ ನನ್ನ ಸಾಕ್ಷಿಯನ್ನು ಮೊದಲು ಹಿಂದಕ್ಕೆ ತೆಗೆದುಕೊಂಡೆ. ಆಮೇಲೆ ನೀರು ತೋರಿಸಿದೆ. “ಅಲ್ಲಿ ಸೇತುವೆ ಇರಬೇಕಲ್ಲ?” ಎಂದರು ಮುಖ್ಯಸ್ಥರು. ಇಲ್ಲ ಎಂದೆ. ಗೆರೆಯನ್ನು ಎಬ್ಬಿಸಿ ತೋರಿಸಿದೆ. ಮೂವರೂ ಅದನ್ನು ನೋಡಿದರು. ಕ್ಷಮಿಸಿ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. “ಸಣ್ಣ ಟೆಕ್ನಿಕಲ್ ವಿಷಯ” ಎಂದರು ಮುಖ್ಯಸ್ಥರು. ಮೆಮೊದ ಕೆಳಗೆ ‘ತಾಂತ್ರಿಕ ದೋಷ, ಪ್ರಕರಣ ಮುಗಿಸಲಾಗಿದೆ’ ಎಂದು ಬರೆದು, ಸಹಿಗೆಂದು ಲ್ಯಾಬ್ ಸಹಾಯಕರ ಕಡೆ ನೂಕಿದರು.

“ದೋಷ ನನ್ನದು, ನನ್ನ ಹೆಸರು ಬರೆಯಿರಿ” ಎಂದೆ.

“ಅದೆಲ್ಲ ಯಾಕೆ, ಮ್ಯಾಡಮ್. ಎಲ್ಲರಿಂದಲೂ ಆಗುತ್ತದೆ.”

ಎಲ್ಲರಿಂದಲೂ ಆಗುತ್ತದೆಯಂತೆ. ಕಲಿಸುವವಳು ನಿಜವಾಗಿ ತಪ್ಪು ಮಾಡಿದರೆ ಅದು ಟೆಕ್ನಿಕಲ್ ವಿಷಯ. ಡಬ್ಬಿ ಕಟ್ಟುವವನು ಮಾಡದ ತಪ್ಪಿಗೆ ಮೆಮೊ. ಅಂದು ನಾನು ಇನ್ನೂ ಏನೇನೋ ಹೇಳಿದೆ ಎಂದು ನೆನಪಿದೆ, ಆದರೆ ಡೈರಿಯಲ್ಲಿ ಅದು ಇಲ್ಲ. ಹೇಳಿರಲಿಕ್ಕಿಲ್ಲ.

ಲ್ಯಾಬ್ ಸಹಾಯಕರು ಪೆನ್ನು ಮುಟ್ಟಲಿಲ್ಲ. ಕಾಗದವನ್ನು ಪೂರ್ತಿ ಓದಿ, ತಮಗೆ ಬರುವ ಮರಾಠಿಯಲ್ಲಿ ನಿಧಾನಕ್ಕೆ ಹೇಳಿದರು, ‘ಮುಗಿಸಲಾಗಿದೆ’ ಸಾಲದು, ಗಂಟು ಬಿಚ್ಚಿರಲಿಲ್ಲ, ಡಬ್ಬಿ ಹಾರಿತ್ತು ಎಂದು ಬರೆಯಿರಿ ಎಂದು. ಮುಖ್ಯಸ್ಥರು ಗಡಿಯಾರ ನೋಡಿದರು. ಇವರು ಕೈಕಟ್ಟಿ ಕೂತೇ ಇದ್ದರು. ಕೊನೆಗೆ ಆ ಒಂದು ಸಾಲು ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬಂತು. ಅದರ ಕೆಳಗೆ ಇವರು ಸಹಿ ಮಾಡಿದರು. ನನ್ನ ತಪ್ಪು ಮಾತ್ರ ಯಾವ ಕಾಗದದಲ್ಲೂ ಇಲ್ಲ, ಇದೊಂದರ ಹೊರತು.

ಮುಂದಿನ ವರ್ಷ ಅದೇ ಬಯಲಿನಲ್ಲಿ ಮತ್ತೆ ಬಲೂನು ತುಂಬುತ್ತಿದ್ದೆವು. ನಾನು ಜೀಪಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಅವರು ದಾರ ಹಿಡಿದು ಕೂಗಿದರು.

“ಇಳಿದ ಬರ್ರಿ ಬಾಯಾರ. ಈ ಸಲ ಬೆರಳ ನಿಮ್ದ.”

ಇಳಿದು ಹೋಗಿ ಗಂಟಿನ ಮೇಲೆ ಬೆರಳಿಟ್ಟೆ. ಅವರು ಎಳೆದರು. ನಾನು ‘ಹಾ’ ಎಂದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

“ಡೈರ್ಯಾಗ ಬರಕೋರಿ” ಎಂದರು.