ಬೇವಿನೆಲೆ ಮುದ್ರೆಯ ಚಾಕು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ನಕ್ಕು ಎದ್ದು ಹೋಗುತ್ತಿದ್ದವನು. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನ ಕಿವಿಗೆ ಇಂಥ ಮಾತುಗಳು ದಿನವೂ ಬೀಳುತ್ತವೆ. ಎಮ್ಮೆ ಹಾಲು ಕೊಡದಿದ್ದರೆ ಕಣ್ಣು ಬಿದ್ದಿದೆ ಎನ್ನುತ್ತಾರೆ, ಹೋಗಿ ನೋಡಿದರೆ ಕೆಚ್ಚಲು ಬಾತಿರುತ್ತದೆ. ಎತ್ತು ರಾತ್ರಿಯೆಲ್ಲ ಬೆದರುತ್ತದೆ ಎನ್ನುತ್ತಾರೆ, ನೋಡಿದರೆ ಕಿವಿಯಲ್ಲಿ ಉಣ್ಣೆಹುಳ ಹೊಕ್ಕಿರುತ್ತದೆ. ಹೀಗಾಗಿ ಈಗ ಹೇಳಹೊರಟಿದ್ದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ನಿಜಾಮರ ಆಳ್ವಿಕೆ ಮುಗಿದ ಮೇಲಿನ ವರ್ಷಗಳವು. ನನ್ನ ನೌಕರಿ ಲಿಂಗಸುಗೂರಿನಲ್ಲಿ. ಸೈಕಲ್ಲಿಗೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಮಸ್ಕಿ, ಪಾಮನಕಲ್ಲೂರು, ಬಳಗಾನೂರು ಎಂದು ತಿರುಗುತ್ತಿದ್ದೆ. ಕೆಲಸವಿದ್ದರೆ ಸಿಂಧನೂರಿನವರೆಗೂ ಹೋಗುತ್ತಿದ್ದೆ. ಆಗಿನ್ನೂ ಆ ಕಡೆಗೆ ಕಾಲುವೆಯ ನೀರು ಬಂದಿರಲಿಲ್ಲ. ಎಲ್ಲಿ ನೋಡಿದರೂ ಜೋಳ, ಹತ್ತಿ, ಕರಿ ನೆಲ.

ಆಗ ನನಗೊಂದು ಹುಚ್ಚಿತ್ತು. ಹಳೆಯ ಮಡಚುವ ಚಾಕುಗಳನ್ನು ಕೂಡಿಸುವುದು. ವಿಲಾಯತಿ ಚಾಕುಗಳಿಗೆ ಆಸೆಪಡುವವರು ಬೇರೆ ಇದ್ದರು. ಅವುಗಳ ಮೇಲೆ ಕಂಪನಿಯ ಹೆಸರು, ಊರಿನ ಹೆಸರು ಎಲ್ಲ ಕೊರೆದಿರುತ್ತಿತ್ತು, ಹುಡುಕುವುದಕ್ಕೇನೂ ಉಳಿಯುತ್ತಿರಲಿಲ್ಲ. ನನಗೆ ಬೇಕಾದದ್ದು ನಮ್ಮ ಸೀಮೆಯ ಕಮ್ಮಾರರು ಮಾಡಿದ, ಅವರ ಊರಿನ ಆಚೆ ಯಾರಿಗೂ ಗೊತ್ತಿಲ್ಲದ ಚಾಕುಗಳು. ಹೆಸರು ಕೊರೆಯುವ ಬದಲು ಅವರು ಅಲಗಿನ ಬುಡದಲ್ಲಿ ಒಂದು ಗುರುತು ಒತ್ತುತ್ತಿದ್ದರು. ಒಬ್ಬನದು ಮೀನು, ಇನ್ನೊಬ್ಬನದು ಎರಡು ಚುಕ್ಕಿ, ಮತ್ತೊಬ್ಬನದು ಬರೀ ಒಂದು ಗೀರು. ಆ ಗುರುತು ಸವೆದು ಹೋಗಿದ್ದರೂ ಚಾಕು ಯಾರದೆಂದು ಹೇಳಬಹುದಿತ್ತು. ಹಿಡಿಗೆ ಹೊಡೆದ ಮೊಳೆಯ ತಲೆ, ಅಲಗನ್ನು ಬಿಗಿಹಿಡಿಯುವ ಬೆನ್ನಿನ ಕಮಾನಿನ ಮೇಲೆ ಅರ ತಿಕ್ಕಿದ ಗೆರೆ, ಎಲ್ಲಕ್ಕಿಂತ ಹೆಚ್ಚಾಗಿ ಮಡಚುವಾಗ ಬರುವ ಸದ್ದು. ಪ್ರತಿಯೊಬ್ಬ ಕಮ್ಮಾರನ ಚಾಕು ತನ್ನದೇ ಸದ್ದಿನಲ್ಲಿ ಮುಚ್ಚಿಕೊಳ್ಳುತ್ತದೆ.

ನನ್ನ ಹತ್ತಿರ ಇದ್ದವುಗಳಲ್ಲಿ ಬೇವಿನೆಲೆಯ ಗುರುತಿನವು ಎರಡು. ಅಷ್ಟು ಹಗುರಾಗಿ ತೆರೆದು, ಅಷ್ಟು ಖಚಿತವಾಗಿ ಮುಚ್ಚುವ ಚಾಕು ನಾನು ಬೇರೆ ಕಂಡಿಲ್ಲ. ಮಸ್ಕಿಯಲ್ಲಿ ಹತ್ತಾರು ಜನರನ್ನು ಕೇಳಿದ ಮೇಲೆ ಅವನ್ನು ಮಾಡಿದವನು ಪಾಮನಕಲ್ಲೂರಿನ ಮೋನಪ್ಪ ಎಂದು ಗೊತ್ತಾಯಿತು. ಹುಡುಕಿಕೊಂಡು ಹೋದರೆ ಅವನಿರಲಿಲ್ಲ. ಆಳ್ವಿಕೆ ಬದಲಾಗುವ ವರ್ಷದ ಗಲಾಟೆಯಲ್ಲಿ ಒಂದು ದಿನ ಸಂತೆಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಚಾಕುಗಳ ಗಂಟಿನ ಜೊತೆಗೆ ಬೇವಿನೆಲೆ ಒತ್ತುವ ಅಚ್ಚನ್ನೂ ಒಯ್ದಿದ್ದನಂತೆ. ಮನೆಯಲ್ಲಿ ಅವನ ಅಣ್ಣ ದೇವಪ್ಪ ಕುಡಗೋಲು, ಕುಂಟೆಯ ಕೆಲಸ ಮಾಡಿಕೊಂಡಿದ್ದ. ಮೋನಪ್ಪನ ಹೆಂಡತಿ ಕಾಳಮ್ಮ ಹಣೆ ತುಂಬ ಕುಂಕುಮ ಇಟ್ಟುಕೊಂಡು, ಯಾರೊಂದಿಗೂ ಹೆಚ್ಚು ಮಾತಾಡದೆ ಮನೆಗೆಲಸ ನೋಡಿಕೊಂಡಿದ್ದಳು. ಮಕ್ಕಳಿರಲಿಲ್ಲ.

ಒಂದು ಮಳೆಗಾಲದಲ್ಲಿ ಅವರ ಎಮ್ಮೆಗೆ ಗಂಟಲು ಬೇನೆ ಬಂತು. ಹೇಳಿ ಕಳಿಸಿದರು. ನಾನು ಹೋಗಿ ಮುಟ್ಟುವ ಹೊತ್ತಿಗೆ ಕೈಮೀರಿತ್ತು. ಕರೆವ್ವ ಎಂದು ಅದನ್ನು ಕರೆಯುತ್ತಿದ್ದರು. ಕರುವಾಗಿದ್ದಾಗಿನಿಂದ ಮೋನಪ್ಪ ಸಾಕಿದ್ದ ಎಮ್ಮೆ ಅದು. ಬೇನೆ ಹರಡಬಾರದೆಂದು ಚರ್ಮ ಸುಲಿಯಗೊಡದೆ ಹಿತ್ತಲಿನಲ್ಲಿಯೇ ಆಳವಾಗಿ ತಗ್ಗು ತೋಡಿಸಿ, ನಾನೇ ನಿಂತು ಹೂಳಿಸಿದೆ. ಮಣ್ಣೆಳೆಯುವ ಮೊದಲು ಕಾಳಮ್ಮ ತಗ್ಗಿಗೆ ಇಳಿದು ಎರಡೂ ಕೋಡುಗಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಎಡಗೋಡಿನ ತುದಿಯಲ್ಲಿ ತಾಮ್ರದ್ದೇನೋ ಹೊಳೆದದ್ದು ನನಗೆ ನೆನಪಿದೆ. ಅಲಂಕಾರಕ್ಕೆ ಹಾಕಿದ್ದಿರಬೇಕು ಎಂದುಕೊಂಡೆ. ಸುಣ್ಣ ಸುರಿದು, ಮಣ್ಣು ಮುಚ್ಚಿ, ಮೇಲೊಂದು ಹಾಸುಗಲ್ಲು ಎಳೆಸಿದೆ. ಸುಗ್ಗಿ ಮುಗಿದ ಮೇಲೆ ದೇವಪ್ಪ ಆ ಕಲ್ಲಿನ ಮೇಲೆಯೇ ಜೋಳದ ಸೊಪ್ಪೆಯ ಬಣವೆ ಒಟ್ಟಿದ.

ಮರುವರ್ಷ ಬೇಸಿಗೆಯಲ್ಲಿ ನಾನು ಸಿಂಧನೂರಿಗೆ ಹೋಗಿದ್ದೆ. ಅಲ್ಲಿ ಮೋಟಾರು ನಿಲ್ಲುವ ಜಾಗದ ಹತ್ತಿರ ಹುಸೇನಸಾಬ ಎಂಬ ಮುದುಕ ಹಳೆ ಕಬ್ಬಿಣದ ಸಾಮಾನು ಹಾಸಿಕೊಂಡು ಕೂಡುತ್ತಿದ್ದ. ನನ್ನ ಹುಚ್ಚು ಅವನಿಗೂ ಗೊತ್ತಿತ್ತು. ಬೀಗ, ಲಾಳ, ಮುರುಕು ಕತ್ತರಿಗಳ ನಡುವೆ ಒಂದು ಮಡಚಿದ ಚಾಕು ಬಿದ್ದಿತ್ತು. ಕರಿಗೋಡಿನ ಹಿಡಿ. ಬಿಚ್ಚಿದೆ. ಅಲಗಿನ ಬುಡದಲ್ಲಿ ಬೇವಿನೆಲೆ.

ಅದು ಹಳೆಯ ಚಾಕು ಆಗಿರಲಿಲ್ಲ. ಅಲಗಿನ ಮೇಲೆ ಸಾಣೆಕಲ್ಲಿನ ಗೆರೆಗಳು ಹಾಗೆಯೇ ಇದ್ದವು, ಒಂದು ಈರುಳ್ಳಿ ಕೂಡ ಕೊಯ್ದಂತಿರಲಿಲ್ಲ. ಕಮಾನಿನಲ್ಲಿ ಶೇಂಗಾ ಎಣ್ಣೆಯ ಹಸಿ ವಾಸನೆ. ಹಿಡಿಗೆ ಬೇಕಾದದ್ದು ಮೂರು ಕಬ್ಬಿಣದ ಮೊಳೆ, ಅವು ಇದ್ದವು. ಅವುಗಳ ಜೊತೆಗೆ ಹಿಂಭಾಗದಲ್ಲಿ ಒಂದು ತಾಮ್ರದ ಮೊಳೆಯೂ ಇತ್ತು. ಅದು ಏನನ್ನೂ ಹಿಡಿದಿರಲಿಲ್ಲ. ಅದರ ಎರಡೂ ಕಡೆ ಕೂದಲೆಳೆಯಂಥ ಸೀಳು. ಇಷ್ಟು ನಯಗಾರ ಕಮ್ಮಾರ ಸೀಳಿದ ಕೋಡನ್ನು ಏಕೆ ಆರಿಸಿಕೊಂಡ ಎಂಬುದು ನನಗೆ ಅರ್ಥವಾಗಲಿಲ್ಲ.

ಎಷ್ಟು ಕೊಡಲಿ ಎಂದು ಕೇಳಿದರೆ ಹುಸೇನಸಾಬ ಚಾಕುವನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ವಾಪಸು ಕೊಟ್ಟ.

"ಇದು ನಂದಲ್ರೀ ಸಾಹೇಬ್ರ. ಮುಂಜಾನಿ ಹಾಸಿದಾಗ ಇದ್ದಿದ್ದಿಲ್ಲ. ನಂದಲ್ಲದ್ದಕ್ಕ ನಾ ಏನಂತ ಕೇಳ್ಲಿ?"

ಯಾರೋ ಬಿಟ್ಟು ಹೋಗಿರಬೇಕು ಎಂದೆ. ಮುಂಜಾನೆಯಿಂದ ಯಾರೂ ತನ್ನ ಹಾಸಿನ ಹತ್ತಿರ ಬಗ್ಗಿಲ್ಲ, ನಾನೇ ಮೊದಲನೆಯವನು ಎಂದ. ಮುದುಕನಿಗೆ ಮರೆವು ಎಂದುಕೊಂಡು ಚಾಕು ಕಿಸೆಗೆ ಹಾಕಿಕೊಂಡೆ. ನನಗಾದದ್ದು ಖುಷಿ. ಮೋನಪ್ಪ ಎಲ್ಲೋ ಬದುಕಿದ್ದಾನೆ, ಕೆಲಸ ಮಾಡುತ್ತಿದ್ದಾನೆ ಎಂದೇ ನನ್ನ ಎಣಿಕೆ. ಆ ಸುದ್ದಿ ಬೇಗ ಮುಟ್ಟಿಸಬೇಕಾಗಿಯೂ ಇತ್ತು. ಏಕೆಂದರೆ ಬರುವ ಅಮಾವಾಸ್ಯೆಗೆ ತಮ್ಮ ಸತ್ತನೆಂದು ಬಗೆದು ಅವನ ಕರ್ಮ ಮಾಡಿ ಮುಗಿಸುವುದೆಂದು ದೇವಪ್ಪ ನಿಶ್ಚಯಿಸಿದ್ದ. ಹಿರಿಯರೂ ಒಪ್ಪಿದ್ದರು. ಅಂದು ಕಾಳಮ್ಮನ ಕುಂಕುಮ ಅಳಿಸಿ, ಬಳೆ ಒಡೆಯುವುದು. ಆಕೆ ಬೇಡವೆಂದೂ ಹೇಳಿರಲಿಲ್ಲ, ಹೂಂ ಎಂದೂ ಅಂದಿರಲಿಲ್ಲ.

ಮರುದಿನ ಮಧ್ಯಾಹ್ನ ಪಾಮನಕಲ್ಲೂರಿಗೆ ಹೋದೆ. ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ದೇವಪ್ಪ ಕಟ್ಟೆಯ ಮೇಲೆ ಚಾಪೆ ಹಾಸಿಕೊಟ್ಟು, ನೀರು ತರಲು ಬಾವಿಯ ಕಡೆ ಹೋದ. ಒಳಗೆ ಕಾಳಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹೇಗೆ ಮಾತು ತೆಗೆಯಲಿ ಎಂದು ಯೋಚಿಸುತ್ತ, ಅಭ್ಯಾಸದಂತೆ ಚಾಕು ಬಿಚ್ಚಿ ಮಡಚಿದೆ.

ರೊಟ್ಟಿಯ ಸದ್ದು ನಿಂತಿತು.

ಇನ್ನೊಮ್ಮೆ ಮಡಚಿದೆ. ಒಳಗೆ ಬಳೆಗಳ ಸದ್ದಾಯಿತು. ಕೈಗೆ ಹಿಟ್ಟು ಮೆತ್ತಿಕೊಂಡೇ ಕಾಳಮ್ಮ ಬಾಗಿಲಿಗೆ ಬಂದಳು, ತಲೆಯ ಮೇಲೆ ಸೆರಗು ಎಳೆದುಕೊಂಡು. ಆಕೆ ನನ್ನನ್ನು ನೋಡಲಿಲ್ಲ. ನನ್ನ ಬಲಗಡೆ, ಚಾಪೆಯ ಖಾಲಿ ಜಾಗವನ್ನು ನೋಡುತ್ತ, ಮೆಲ್ಲಗೆ ಕೇಳಿದಳು.

"ಯಾವಾಗ ಬಂದ್ರಿ?"

ಆಕೆ ನನ್ನನ್ನು ಕೇಳುತ್ತಿಲ್ಲ ಎಂಬುದು ಸ್ಪಷ್ಟವಿತ್ತು. ಆಮೇಲೆ ಎಚ್ಚರಾದವಳಂತೆ ನನ್ನ ಕೈಯ ಕಡೆ ತಿರುಗಿದಳು. ನಾನು ಚಾಕುವನ್ನು ಮುಂದೆ ಹಿಡಿದೆ. ಆಕೆ ಅಲಗನ್ನಾಗಲಿ, ಬೇವಿನೆಲೆಯನ್ನಾಗಲಿ ನೋಡಲೇ ಇಲ್ಲ. ಹಿಟ್ಟಿನ ಬೆರಳಿನಿಂದ ಆ ತಾಮ್ರದ ಮೊಳೆಯನ್ನು ಮುಟ್ಟಿದಳು.

"ಇದು ನಮ್ಮ ಕರೆವ್ವನ ಕೋಡು," ಎಂದಳು.

ಅಷ್ಟರಲ್ಲಿ ದೇವಪ್ಪ ಬಂದ. ಅವನ ಮುಂದೆಯೇ ಕಾಳಮ್ಮ ಹೇಳಿದಳು. ಎಮ್ಮೆ ಚಿಕ್ಕದಿದ್ದಾಗ ಗೋಡೆಗೆ ಗುದ್ದಿ ಎಡಗೋಡಿನ ತುದಿ ಸೀಳಿತ್ತು. ಸೀಳು ಮುಂದೆ ಹೋಗದಿರಲಿ ಎಂದು ಮೋನಪ್ಪನೇ ತಾಮ್ರದ ಮೊಳೆ ಹೊಡೆದಿದ್ದ. ದೇವಪ್ಪ ಹೌದೆಂದು ತಲೆಯಾಡಿಸಿದ. ಅವನ ಮುಖ ಕಪ್ಪಿಟ್ಟಿತ್ತು. ಎಮ್ಮೆ ಸತ್ತದ್ದು ಹೋದ ವರ್ಷ. ಮೋನಪ್ಪ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹೂಳಿಸಿದವನು ನಾನು. ಆ ದಿನ ತಗ್ಗಿನಲ್ಲಿ ಹೊಳೆದ ತಾಮ್ರ ನನಗೆ ಆಗ ನೆನಪಾಯಿತು.

ಹೂತ ದನವನ್ನು ತೆಗೆಯಬಾರದೆಂದು ಊರೂರಿಗೆ ಹೇಳಿಕೊಂಡು ತಿರುಗುವವನು ನಾನು. ಆದರೂ ಅಂದು ನಾನೇ ಅಗೆಯೋಣ ಎಂದೆ. ಬಣವೆ ಸರಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ಕೆಳಗಿನ ಸೊಪ್ಪೆ ಕೊಳೆತು ಕಲ್ಲಿಗೆ ಅಂಟಿತ್ತು. ಕಲ್ಲು ಮೀಟಿದೆವು. ಕೆಳಗೆ ಮಣ್ಣು ಗಟ್ಟಿಯಾಗಿತ್ತು. ಸುಣ್ಣದ ಬಿಳಿ ಪದರು ನಾನು ಹಾಕಿಸಿದಂತೆಯೇ ಇತ್ತು, ಎಲ್ಲಿಯೂ ಮಣ್ಣು ಕಲೆತಿರಲಿಲ್ಲ. ಹೊತ್ತು ಇಳಿಯುವಾಗ ತಲೆಬುರುಡೆ ಸಿಕ್ಕಿತು. ಬಲಗೋಡು ಪೂರ್ತಿ ಇತ್ತು. ಎಡಗೋಡಿನ ತುದಿ ಇರಲಿಲ್ಲ.

ಕೊಳೆತು ಉದುರಿರಲಿಲ್ಲ, ನಾಯಿ ನರಿ ಕಚ್ಚಿದ್ದೂ ಅಲ್ಲ. ಗರಗಸದಿಂದ ಕೊಯ್ದು, ಕೊಯ್ದ ಮುಖವನ್ನು ಅರದಿಂದ ತಿಕ್ಕಿ ನಯ ಮಾಡಲಾಗಿತ್ತು. ಆ ಮುಖದಲ್ಲೂ ಕೂದಲೆಳೆಯಂಥ ಸೀಳಿತ್ತು, ನಾನು ಚಾಕುವಿನ ಹಿಡಿಯನ್ನು ಅದಕ್ಕೆ ಹಚ್ಚಿ ನೋಡಿದೆ. ಸೀಳಿಗೆ ಸೀಳು ಕೂಡಿತು.

ದೇವಪ್ಪ ತಗ್ಗಿನ ಅಂಚಿನಲ್ಲಿ ಕುಳಿತ. ಇದು ತಮ್ಮನ ಆತ್ಮವೇ, ಶಾಂತಿಯಿಲ್ಲದೆ ಅಲೆಯುತ್ತಿದೆ, ಅಮಾವಾಸ್ಯೆಯ ತನಕವೂ ತಡೆಯಬಾರದು ಎಂದು ಕೈಮುಗಿದು ಹೇಳತೊಡಗಿದ. ನಾನು ಬೇರೆ ಮಾತು ಹೇಳಿದೆ. ಬಣವೆ ಒಟ್ಟುವ ಮೊದಲು ಯಾರಾದರೂ ಬಂದು ಅಗೆದು ಕೋಡು ಒಯ್ದಿರಬಹುದು, ಪ್ರಾಯಶಃ ಮೋನಪ್ಪನೇ ಇರಬಹುದು ಎಂದೆ. ಸುಣ್ಣದ ಪದರು ನನ್ನ ಕಣ್ಣ ಮುಂದೆಯೇ ಇತ್ತು, ಆದರೂ ಅಂದೆ. ಆಕೆಗೆ ಸಮಾಧಾನವಾಗಲಿ ಎಂದು ಅಂದದ್ದು.

ಕಾಳಮ್ಮ ಆ ಹೊತ್ತಿನವರೆಗೆ ಬುರುಡೆಯ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ತಲೆ ಎತ್ತದೆಯೇ ಮಾತಾಡಿದಳು.

"ಸತ್ತಾವ್ರು ಬಂದು ಒಯ್ದಾರ ಅಂದ್ರ ನನಗ ಅಂಜಿಕಿಲ್ರೀ. ಬದುಕಿದ್ದಾವ್ರು ಹಿತ್ತಲ ತನಕ ಬಂದು, ನನ್ನ ಕರೀದ ಹೊಳ್ಳಿ ಹೋಗ್ಯಾರ ಅನಬ್ಯಾಡ್ರಿ. ಅದೊಂದು ಅನಬ್ಯಾಡ್ರಿ."

ಬುರುಡೆಯನ್ನು ಮೊದಲಿನಂತೆ ಇಟ್ಟು ಮಣ್ಣು ಮುಚ್ಚಿದೆವು. ಚಾಕುವನ್ನು ಆಕೆಗೆ ಕೊಟ್ಟೆ. ಆಕೆ ಅದನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ, ಅಳಲೂ ಇಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡು, ಅರ್ಧಕ್ಕೆ ಬಿಟ್ಟ ರೊಟ್ಟಿ ಬಡಿಯಲು ಒಳಗೆ ಹೋದಳು. ಆ ಅಮಾವಾಸ್ಯೆಗೆ ಕರ್ಮ ನಡೆಯಲಿಲ್ಲ. ಸತ್ತವನಿಗಾದರೆ ಕರ್ಮ ಬೇಕು, ಆದರೆ ಅಂದಿನ ಭಯ ಇಳಿದ ಮೇಲೆ, ಆ ಹೊಸ ಚಾಕು ಮನೆಯಲ್ಲಿರುವಾಗ ತಮ್ಮ ಸತ್ತಿದ್ದಾನೆ ಎಂದು ಹೇಳುವ ಧೈರ್ಯ ದೇವಪ್ಪನಿಗೆ ಇರಲಿಲ್ಲ. ಬದುಕಿದ್ದಾನೆ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ರಾಜ್ಯಗಳು ಹೊಸದಾಗಿ ಕೂಡಿದ ವರ್ಷ ನನಗೆ ವರ್ಗವಾಯಿತು. ಊರು ಬಿಡುವ ಮುಂಚೆ ಒಮ್ಮೆ ಪಾಮನಕಲ್ಲೂರಿಗೆ ಹೋಗಿಬಂದೆ. ಕಾಳಮ್ಮನ ಹಣೆಯಲ್ಲಿ ಕುಂಕುಮ ಹಾಗೆಯೇ ಇತ್ತು. ಅದೇ ಚಾಕುವಿನಿಂದ ಬದನೆಕಾಯಿ ಹೆಚ್ಚುತ್ತಿದ್ದಳು. ನಾನು ಕೈಗೆ ತೆಗೆದುಕೊಂಡು ನೋಡಿದೆ. ಅಷ್ಟು ವರ್ಷ ದಿನವೂ ಬಳಸಿದ ಅಲಗು, ಮುಟ್ಟಿದರೆ ಬೆರಳು ಕೊಯ್ಯುವಷ್ಟು ಹರಿತವಾಗಿತ್ತು. ಯಾರು ಮಸೆದುಕೊಡುತ್ತಾರೆ ಎಂದು ಕೇಳಿದೆ.

"ಮೊಂಡ ಆಕ್ಕೈತ್ರಿ," ಎಂದಳು. "ಮೊಂಡ ಆತಂದ್ರ ಒಂದಿನ ಮುಂಜಾನಿ ಎದ್ದು ನೋಡಿದ್ರ ಹರಿತ ಆಗಿರತೈತಿ. ನಾ ಯಾರನ್ನೂ ಕೇಳಾಕ ಹೋಗಿಲ್ಲ."

ದೇವಪ್ಪನೇ ಕನಿಕರದಿಂದ ಗುಟ್ಟಾಗಿ ಮಸೆದಿಡುತ್ತಿದ್ದಾನೆ ಎಂದು ನನಗನ್ನಿಸಿತು, ಮನಸ್ಸು ಹಗುರವಾಯಿತು. ಮಸ್ಕಿಯ ರಸ್ತೆಯ ತನಕ ಅವನು ನನ್ನನ್ನು ಕಳಿಸಲು ಬಂದ. ದಾರಿಯಲ್ಲಿ, ಒಳ್ಳೆಯ ಕೆಲಸ ಮಾಡುತ್ತಿದ್ದೀ ಎಂದು ಹೇಳಿದೆ. ಅವನಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಅವನು ನಡೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ನೀವು ಬಂದಾಗ ಮಸದು ಹೋಗ್ತೀರಿ ಅಂತ ತಿಳಕೊಂಡಿದ್ದೆ ನಾನು," ಎಂದ.

ನಾನು ಹಿಂದಿನ ಒಂದಿಡೀ ವರ್ಷ ಆ ಮನೆಗೆ ಕಾಲಿಟ್ಟಿರಲಿಲ್ಲ. ಅದು ಅವನಿಗೂ ನೆನಪಾಗಿರಬೇಕು. ಇಬ್ಬರೂ ಮತ್ತೆ ರಸ್ತೆಯ ಕಡೆಗೆ ನಡೆಯತೊಡಗಿದೆವು.